ಕರೆಯಲು ಬಂದವರು

ನಮ್ಮ ಕೊಪ್ಪದ ಕಡೆ ಮದುವೆಗಾಗಲಿ ಗೃಹಪ್ರವೇಶಕ್ಕಾಗಲಿ ಮನೆಗೆ ಬಂದೇ ಕರೆಯಬೇಕು. ಫೋನಿನಲ್ಲಿ ಹೇಳಿದರೆ ಅದು ಕರೆದ ಹಾಗಲ್ಲ. ನನ್ನ ಗಂಡ ಈ ವಿಷಯದಲ್ಲಿ ಮಹಾ ಬಿಗಿ. ಬಂದು ಕರೆಯಲಿಲ್ಲವೆಂದು ಸ್ವಂತ ಚಿಕ್ಕಪ್ಪನ ಮಗನ ಮದುವೆಗೇ ಹೋಗದವರು. ವೈನ್‌ಶಾಪಿಗೆ ಹೋಗಲು ಮಾತ್ರ ಯಾರೂ ಬಂದು ಕರೆಯಬೇಕಾಗಿರಲಿಲ್ಲ.

ಇನ್ನೂ ಕುಡಿದರೆ ಲಿವರ್ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ಹೊರಗೆ ಅಳುತ್ತಾ ಕೂತಿದ್ದ ನನಗೆ ನರ್ಸ್ ಒಬ್ಬಳು ಸಭೆಗಳ ವಿಷಯ ಹೇಳಿದಳು. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ವಾರಕ್ಕೊಮ್ಮೆ ಸೇರಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರಂತೆ. ಶೃಂಗೇರಿಯಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಬಾಗಿಲಿಗೆ ಬೀಗ. ಇಲ್ಲಿ ನಿಂತುಹೋಯಿತು, ನರಸಿಂಹರಾಜಪುರದಲ್ಲಿ ವಿಚಾರಿಸಿ ಎಂದರು ಪಕ್ಕದ ಅಂಗಡಿಯವರು. ಬಸ್ಸಿನಲ್ಲಿ ಸಿಕ್ಕವರೆಲ್ಲ "ಎಲ್ಲಿಗೆ ಹೊರಟದ್ದು?" ಎಂದು ಕೇಳುವವರೇ. ಹಲ್ಲುನೋವು ಎನ್ನುತ್ತಿದ್ದೆ. ಆ ತಿಂಗಳು ನಾನು ಹೇಳಿದ್ದೆಲ್ಲ ನಿಜವಾಗಿದ್ದರೆ ನನ್ನ ಬಾಯಲ್ಲಿ ಒಂದು ಹಲ್ಲೂ ಉಳಿಯುತ್ತಿರಲಿಲ್ಲ.

ಕೊನೆಗೂ ಸಿಕ್ಕಿತು. ನರಸಿಂಹರಾಜಪುರದ ಒಂದು ಶಾಲೆಯ ಕೋಣೆ, ಗುರುವಾರ ಸಂಜೆ. ಮನೆಯವರೂ ಕೂರಬಹುದಿತ್ತು. ನಾನು ಮನೆಗೆ ಬಂದು ಖುಷಿಯಿಂದ ಹೇಳಿದರೆ ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಗುರುತಿಲ್ಲ, ಪರಿಚಯ ಇಲ್ಲ. ಕರೀದೇ ಹೋಗೂದು ಹೆಂಗೆ ಮಾರಾಯ್ತಿ?"

ಮೈಯೆಲ್ಲ ಉರಿದುಹೋಯಿತು. ಮುಂದಿನ ಗುರುವಾರ ಒಬ್ಬಳೇ ಹೋಗಿ ಈ ಮಾತನ್ನು ಸಭೆಯಲ್ಲೇ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹಿರಿಯರು ಮಾತ್ರ ನಗಲಿಲ್ಲ. ಟಿಂಬರ್ ಡಿಪೋದಲ್ಲಿ ದುಡಿದು ನಿವೃತ್ತರಾದ ಒಂಟಿ ಮನುಷ್ಯ, ಕುಡಿತ ಬಿಟ್ಟು ವರ್ಷಗಳಾಗಿದ್ದವು.

"ಅವ್ರು ಹೇಳೂದು ಸರಿ ಅಲ್ವೇನಮ್ಮಾ? ಎಳ್ಕೊಂಡು ಬರೂದು ನಮ್ಮಲ್ಲಿ ಇಲ್ಲ. ಕರೀಬಹುದಲ್ಲ. ನಿಮ್ಮನೆಗೆ ಬರ್ಲಾ?" ಎಂದರು.

ಭಾನುವಾರ ಬೆಳಿಗ್ಗೆ ಬಂದೇ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಬಾಳೆಹಣ್ಣು. ಆ ವೇಷ ನೋಡಿದ ಕೂಡಲೇ ಇವರು ಎದ್ದು ಚಾಪೆ ಹಾಸಿದರು. ಕಾಫಿ ಆಯಿತು, ಮಳೆಯ ಮಾತು ಆಯಿತು. ಆಮೇಲೆ ಹಿರಿಯರು ಶಲ್ಯ ಸರಿಮಾಡಿಕೊಂಡು, "ಗುರುವಾರ ಸಂಜೆ ನಮ್ಮಲ್ಲಿ ಇಟ್ಕೊಂಡಿದ್ದೇವೆ. ಇಬ್ರೂ ಬರಬೇಕು. ಮುಂಚೆನೇ ಬಂದು ನಡೆಸಿಕೊಡಬೇಕು" ಎಂದರು.

"ಯಾರ ಮದುವೆ?" ಎಂದರು ಇವರು, ಲಗ್ನಪತ್ರಿಕೆ ಕೊಡುತ್ತಾರೆಂದು ಕೈ ಚಾಚುತ್ತಾ.

"ಮದುವೆ ಅಲ್ಲ. ನಾನು ಕುಡುಕ. ನಮ್ಮಂಥವರು ಒಟ್ಟಿಗೆ ಕೂತ್ಕೊಳ್ತೇವೆ."

ಚಾಚಿದ ಕೈ ಹಾಗೇ ಇತ್ತು. ಇವರ ಮುಖ ಕೆಂಪಾಯಿತು, ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿದರು. ಆದರೆ ಮನೆಗೆ ಬಂದು ಕರೆದವರಿಗೆ ಬರುವುದಿಲ್ಲ ಎಂದು ಹೇಳಿ ಇವರಿಗೆ ಅಭ್ಯಾಸವಿರಲಿಲ್ಲ. "ನೋಡುವ" ಎಂದರು. ಗುರುವಾರ ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

ಮಕ್ಕಳ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡು ಹಲವು ವಾರ ಸುಮ್ಮನೆ ಕೂತರು. ನಡುವೆ ಎರಡು ಸಲ ಮತ್ತೆ ಕುಡಿದರು, ಎರಡು ಸಲವೂ ಹಿರಿಯರು ಏನೂ ಕೇಳದೆ ಪಕ್ಕದಲ್ಲಿ ಜಾಗ ಬಿಟ್ಟರು. ಒಂದು ಗುರುವಾರ ಇವರು ಎದ್ದು, "ನಾನೂ ಕುಡುಕನೇ. ಇವತ್ತು ಕುಡಿದಿಲ್ಲ" ಎಂದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಷ್ಟು ಪ್ರೀತಿ ಇವರ ಮೇಲೆ ಮದುವೆಯ ದಿನವೂ ಬಂದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹಿರಿಯರು ಸಭೆಗೆ ಬರುವುದು ನಿಂತಿತು. ಫೋನ್ ಸ್ವಿಚ್ ಆಫ್. ಮತ್ತೆ ಶುರುಮಾಡಿದ್ದಾರಂತೆ ಎಂದು ಯಾರೋ ಹೇಳಿದರು. ಇವರಿಗೆ ಊಟ ಸೇರಲಿಲ್ಲ. "ಅವ್ರಿಗೇ ಆಗದಿದ್ರೆ ನನ್ನ ಕೈಲಿ ಎಂತ ಆಗ್ತದೆ?" ಎಂದು ಒಂದೇ ಮಾತು. ನನಗೂ ಅದೇ ಹೆದರಿಕೆ. ಮರುದಿನ ಬೆಳಿಗ್ಗೆ ಪಂಚೆಗೆ ಇಸ್ತ್ರಿ ಹಾಕು ಎಂದರು. ಶಲ್ಯವನ್ನು ತಾವೇ ಹುಡುಕಿಕೊಂಡರು. ದಾರಿಯಲ್ಲಿ ಬಾಳೆಹಣ್ಣು ಕೊಂಡರು.

ಹಿರಿಯರು ಬಾಗಿಲನ್ನು ಅರ್ಧ ತೆರೆದರು. ಗಡ್ಡ ಬೆಳೆದಿತ್ತು, ವಾಸನೆ ಅಂಗಳದವರೆಗೂ ಬಂತು. ನಮ್ಮನ್ನು ಕಂಡು, "ಹೋಗಿ ಮಾರಾಯ್ರೆ, ನನ್ನ ಮುಖ ನೋಡ್ಬೇಡಿ" ಎಂದರು.

ಇವರು ಅಂಗಳದಲ್ಲೇ ನಿಂತು ಶಲ್ಯ ಸರಿಮಾಡಿಕೊಂಡರು. "ಗುರುವಾರ ಸಂಜೆ ನಮ್ಮಲ್ಲಿ ಇಟ್ಕೊಂಡಿದ್ದೇವೆ. ನೀವು ಬರಬೇಕು. ಕರೀಲಿಕ್ಕೇ ಬಂದದ್ದು."

ಹಿರಿಯರು ಆ ಶಲ್ಯವನ್ನೂ ಬಾಳೆಹಣ್ಣನ್ನೂ ನೋಡಿದರು. "ಕರೀಲಿಕ್ಕೆ ಬಂದವರನ್ನ ಹೊರಗೆ ನಿಲ್ಲಿಸಬಾರದು, ಬನ್ನಿ" ಎಂದು ಬಾಗಿಲು ಪೂರ್ತಿ ತೆರೆದರು. ಅವರೇ ಕಾಫಿ ಮಾಡಿದರು. ಸಕ್ಕರೆ ಹಾಕಲು ಮರೆತಿದ್ದರು, ನಾವು ಪೂರ್ತಿ ಕುಡಿದೆವು.

"ಗುರುವಾರ ಇನ್ನೂ ದೂರ ಉಂಟಲ್ಲ ಮಾರಾಯ್ರೆ. ಅಲ್ಲಿವರೆಗೆ ನನ್ನ ಕೈಲಿ ಆಗುದಿಲ್ಲ" ಎಂದರು ಹಿರಿಯರು, ಲೋಟ ನೋಡುತ್ತಾ.

"ಅದಕ್ಕೇ ಮುಂಚೆನೇ ಬರಬೇಕು ಅನ್ನೂದು. ಈಗ್ಲೇ ಹೊರಡಿ, ನಮ್ಮನೆಗೆ."

ನಾನು ಎದ್ದು ಅವರ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿದೆ. ಡಾಕ್ಟರಿಗೆ ತೋರಿಸಿಕೊಂಡು ಕೊಪ್ಪದ ಬಸ್ ಹತ್ತಿದೆವು. ಕಿಟಕಿಯ ಪಕ್ಕ ಹಿರಿಯರು, ಅವರಿಗೆ ಒತ್ತಿ ಇವರು, ಹಿಂದಿನ ಸೀಟಿನಲ್ಲಿ ನಾನು. ಪರಿಚಯದವರೊಬ್ಬರು ಮೂಗು ಅರಳಿಸಿ, ಹಿರಿಯರನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ನಿಮಗೆ ಯಾರಾಗ್ಬೇಕು?" ಎಂದು ಕೇಳಿದರು. ಹಲ್ಲುನೋವಿನ ಸುಳ್ಳು ನನ್ನ ಬಾಯಿಗೆ ಬಂದಿತ್ತು.

"ನಮ್ಮವರೇ. ಕರ್ಕೊಂಡು ಹೋಗ್ತಾ ಇದ್ದೇನೆ" ಎಂದರು ನನ್ನ ಗಂಡ.