ದೇವರ ಕಾಡಿನ ಹೂ

ದಾನಿಯೇಲ ಮಾಸ್ಟ್ರೇ, ದೇವರ ಕಾಡಿನ ಆ ಹೂವನ್ನು ಕಿತ್ತವನು ನಾನು. ನೀವು ಕೀಳು ಎಂದಿರಲಿಲ್ಲ. ಕೀಳಬೇಡಿ ಎಂದೇ ಹೇಳಿದ್ದಿರಿ. ನಿಮ್ಮ ಮೇಲೆ ಹೊರಿಸಿದ ನನ್ನ ಸುಳ್ಳನ್ನು ನಮ್ಮೂರು ಇಂದಿಗೂ ನಿಜವೆಂದೇ ನಂಬಿದೆ. ನೀವು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಬಾಯಿ ಬಿಡಲಿಲ್ಲ.

ಕೊಡಗಿಗೆ ಚೀಫ್ ಕಮಿಷನರ್ ಇದ್ದ ಕಾಲ. ಪೊನ್ನಂಪೇಟೆಯ ಆಚೆಗಿನ ನಮ್ಮ ಮಿಷನ್ ಶಾಲೆಗೆ ನೀವು ಮಂಗಳೂರಿನಿಂದ ಬಂದಿರಿ. ಬೈಬಲಿಗೆ ಒಂದು ಗಂಟೆ, ಗಿಡಮರದ ಪಾಠಕ್ಕೆ ಇನ್ನೊಂದು ಎಂಬುದು ನಿಮಗಿರಲಿಲ್ಲ. ಎಲೆಯ ನರಗಳನ್ನು ತೋರಿಸುತ್ತ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿದ್ದಿರಿ. ಅದು ಪ್ರಾರ್ಥನೆಯೆಂದು ನಮಗೆ — ಹೆಚ್ಚಿನವರು ಹಿಂದೂ ಮನೆಯ ಮಕ್ಕಳು — ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಮಳೆಗಾಲದ ಮೊದಲಲ್ಲಿ ನಮ್ಮನ್ನು ದೇವರ ಕಾಡಿಗೆ ಕರೆದೊಯ್ದಿರಿ. ಅಲ್ಲಿ ಒಂದು ಕಡ್ಡಿಯನ್ನೂ ಮುರಿಯಬಾರದೆಂಬುದು ಊರಿನ ಕಟ್ಟುಪಾಡು. ನೀವೂ ಬೂಟು ಕಳಚಿದಿರಿ.

“ಕೈ ಹಾಕುದು ಬೇಡ ಮಕ್ಕಳೇ. ದೇವರಿಗೆ ಬಿಟ್ಟ ಜಾಗ ಇದು. ಕಣ್ಣಲ್ಲೇ ಕಲಿಯಿರಿ.”

“ಮಾಸ್ಟ್ರೇ, ಈ ಜಿಗಣೆಯನ್ನೂ ನಿಮ್ಮ ದೇವರೇ ಮಾಡಿದ್ದಾ?” ಎಂದ ಸಹಪಾಠಿ ಬೋಪಯ್ಯ, ಕಾಲು ಕೊಡವುತ್ತ.

“ಮತ್ತೆ ಯಾರು ಮಾರಾಯ? ಯಾಕೆ ಅಂತ ಮಾತ್ರ ನನಗೂ ಹೇಳಲಿಲ್ಲ.”

ಎಲ್ಲರೂ ನಗುತ್ತ ಮುಂದೆ ಹೋದರು. ನಾನು ಹಿಂದುಳಿದೆ. ಮರದ ತೊಗಟೆಯಿಂದ ಸೀತಾಳೆಯ ಹೂಗೊಂಚಲೊಂದು ಇಳಿಬಿದ್ದಿತ್ತು. ಅದನ್ನು ನಿಮ್ಮ ಮೇಜಿನ ಮೇಲಿಟ್ಟು, ನಿಮ್ಮಿಂದ ಶಹಬ್ಬಾಸ್ ಅನ್ನಿಸಿಕೊಂಡು... ಹೌದು, ಅಷ್ಟೇ ಆಸೆ. ಕಿತ್ತೆ. ತಿರುಗಿದರೆ ಎದುರಿಗೆ ಊರಿನ ತಕ್ಕರು, ಆ ಕಾಡಿನ ಹೊಣೆ ಹೊತ್ತ ಹಿರಿಯರು.

“ಯಾರೋ ಹೇಳಿದ್ದು ನಿಂಗೆ, ಕೀಳ್ಲಿಕ್ಕೆ?”

“ಮಾಸ್ಟ್ರು.”

ಅಷ್ಟರಲ್ಲಿ ನೀವು ಮರಳಿ ಬಂದಿದ್ದಿರಿ, ಕೇಳಿಸಿಕೊಂಡಿರಿ. ನನ್ನತ್ತ ಒಮ್ಮೆ ನೋಡಿದಿರಿ — ಕೋಪವಿರಲಿಲ್ಲ, ಅದೇ ಕಷ್ಟವಾದದ್ದು.

“ಮಗುವನ್ನು ಬಿಡಿ. ಕರ್ಕೊಂಡು ಬಂದದ್ದು ನಾನು. ಹೊಣೆ ನನ್ನದು.”

ನನ್ನನ್ನು ಉಳಿಸಲೆಂದು ನೀವು ಸುಳ್ಳಾಡಲಿಲ್ಲ. ನನ್ನ ಸುಳ್ಳನ್ನು ಬಯಲಿಗೂ ಎಳೆಯಲಿಲ್ಲ. “ಏಸುವಿನ ಮಾಸ್ಟ್ರಿಗೆ ನಮ್ಮ ದೇವರ ಕಾಡಲ್ಲಿ ಎಂಥ ಕೆಲಸ?” ಎಂದು ಊರು ಕೆರಳಿತು. ಮಕ್ಕಳು ಶಾಲೆ ಬಿಟ್ಟರು. ಮಿಷನ್ನಿನವರು ನಿಮ್ಮನ್ನು ಘಟ್ಟದ ಕೆಳಗೆ ಕಳುಹಿಸಿದರು.

ಹೊರಡುವ ದಿನ, ಉಳಿದಿದ್ದ ನಾಲ್ಕಾರು ಮಕ್ಕಳಿಂದ ಕಾಡಿನಲ್ಲಿ ಕಂಡ ಹೂವಿನ ಚಿತ್ರ ಬರೆಸಿದಿರಿ. ನಾನು ಬರೆದದ್ದು ಆ ಸೀತಾಳೆಯನ್ನೇ. ನನ್ನ ಬೆಂಚಿನ ಬಳಿ ನಿಂತಿರಿ. ಈಗ ಬೈಯುತ್ತೀರಿ, ಈಗ — ಎಂದು ಕಾದೆ. “ಲಾಯ್ಕ ನೋಡಿದ್ದೀ ಮಗಾ,” ಎಂದು ಮುಂದಿನ ಬೆಂಚಿಗೆ ಹೋದಿರಿ.

ನಾನು ಕ್ರೈಸ್ತನಾಗಲಿಲ್ಲ, ಆಗು ಎಂದು ನೀವು ಹೇಳಲೂ ಇಲ್ಲ. ಆದರೆ ಇಂದಿಗೂ ಗಿಡದ ಮುಂದೆ ನಿಂತರೆ ಎಸಳು ಎಣಿಸುತ್ತೇನೆ, ಕೈ ಮುಗಿಯುತ್ತೇನೆ — ಅವೆರಡೂ ನನಗೆ ಬೇರೆ ಬೇರೆಯಾಗಿ ಬರುವುದೇ ಇಲ್ಲ. ನನ್ನ ಬದುಕಿಗೆ ಸಿಕ್ಕ ಅತಿ ದೊಡ್ಡ ಸಂಪತ್ತು ಅದು, ಕೊಟ್ಟವರು ನೀವು. ಅಂದು ನಾನಿನ್ನೂ ಹುಡುಗ, ಹೆದರಿ ಸುಳ್ಳಾಡಿದೆ ಎನ್ನಬಹುದು. ಬೆಳೆದ ಮೇಲೂ ಸುಮ್ಮನಿದ್ದೆನಲ್ಲ?

ಈ ಸಲದ ಹಬ್ಬಕ್ಕೆ ಊರವರು ಸೇರಿದಾಗ ನಿಮ್ಮ ಹೆಸರು ಹೇಳಿಯೇ ಎಲ್ಲ ಹೇಳುತ್ತೇನೆ. ನಿಲ್ಲಲು ಮಂಡಿ ಬಿಡದಿದ್ದರೆ ಕೂತು ಹೇಳುತ್ತೇನೆ. ಈಗಿನ ತಕ್ಕರಿಗೆ ಆಗಲೇ ಹೇಳಿಕಳಿಸಿದ್ದೇನೆ — ನನಗೂ ಮಾತಾಡಲು ಸ್ವಲ್ಪ ಹೊತ್ತು ಕೊಡಿ ಎಂದು.