ಅರ್ಧ ಕಾರಿನ ಮಾಲೀಕ

ಬಹಳ ವರ್ಷ ನಾನು ಅರ್ಧ ಕಾರಿನ ಮಾಲೀಕನಾಗಿದ್ದೆ. ಅರ್ಧ ದುಡ್ಡು ಹಾಕಿ ಕೊಂಡಿದ್ದೆ ಎಂದು ನೀವು ತಿಳಿಯಬಾರದು. ಬಾನೆಟ್ಟಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ನನ್ನದು. ಅಲ್ಲಿಂದ ಹಿಂದಕ್ಕೆ, ಡಿಕ್ಕಿಯ ತುದಿಯವರೆಗೆ ನನ್ನ ತಮ್ಮ ಮಂಜುನಾಥನದು. ಎಂಜಿನ್ನು, ಸ್ಟೀರಿಂಗು, ಹಾರನ್ನು ನನ್ನ ಪಾಲಿಗೆ ಬಂದಿದ್ದವು. ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ, ಹೊಗೆ ಬಿಡುವ ಕೊಳವೆ ಅವನ ಪಾಲಿಗೆ. ಬ್ಯಾಟರಿಯಲ್ಲಿ ಜೀವವಿದ್ದಿದ್ದರೆ ನಾನು ಹಾರನ್ ಹೊಡೆದುಕೊಂಡು ಕೂರಬಹುದಿತ್ತೇ ಹೊರತು ಒಂದು ಗೇಣು ಮುಂದೆ ಹೋಗುವಂತಿರಲಿಲ್ಲ.

ಕಾರು ನಮ್ಮ ಅಪ್ಪನದು. ಅಪ್ಪ ನೊಣವಿನಕೆರೆಯ ಸುತ್ತಮುತ್ತ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಆ ಕಾಲದವರಿಗೆ ಜಪಾನಿನ ಮೇಲೆ ಅಪಾರ ನಂಬಿಕೆ. ರೇಡಿಯೋ ಇರಲಿ, ಕೈಗಡಿಯಾರ ಇರಲಿ, ‘ಜಪಾನ್‌ದು’ ಎಂದರೆ ಮುಗಿಯಿತು, ಚೌಕಾಸಿಯನ್ನೂ ಮಾಡುತ್ತಿರಲಿಲ್ಲ. ಹಾಗೆಯೇ ಅಪ್ಪ ಒಬ್ಬ ಡಾಕ್ಟರರಿಂದ ಈ ಜಪಾನಿ ಕಾರನ್ನು ಕೊಂಡು ತಂದರು. ಮುಂದೆ ಅವರು, ಹಿಂದೆ ನಾವು, ಡಿಕ್ಕಿಯಲ್ಲಿ ಕೊಬ್ಬರಿ ಚೀಲ. ತಿಪಟೂರಿನ ಮಾರುಕಟ್ಟೆಗೂ ಅದೇ, ಮದುವೆ ಮನೆಗೂ ಅದೇ. ಇವತ್ತಿಗೂ ಅದರ ಬಾಗಿಲು ತೆಗೆದರೆ ಕೊಬ್ಬರಿಯ ವಾಸನೆ ಬರುತ್ತದೆ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಕಾರು ಅಟ್ಟದ ಮನೆಯ ಕೆಳಗೆ ಸೇರಿತು.

ಅಟ್ಟದ ಮನೆ ಎಂದರೆ ನಮ್ಮ ಕಡೆ ಕಾಯಿಗೆಂದೇ ಕಟ್ಟಿದ ಮನೆ. ಮೇಲೆ ಅಟ್ಟದ ತುಂಬ ತೆಂಗಿನಕಾಯಿ, ಕೆಳಗೆ ಕಾಯಿ ಸುಲಿದ ಮಟ್ಟೆ, ಗುದ್ದಲಿ, ಮುರಿದ ಕುರ್ಚಿ. ಅಟ್ಟಕ್ಕೆ ಹಾಕಿದ ಕಾಯನ್ನು ವರ್ಷ ಹತ್ತಿರ ಬರುವ ತನಕ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಒಡೆಯುವ ಕಾಲ ಬಂತು ಎಂದರ್ಥ. ಹೀಗಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನಕ್ಕೆ ಯಾವುದನ್ನಾದರೂ ಸುಮ್ಮನೆ ಬಿಟ್ಟು ಕಾಯುವುದು ಚೆನ್ನಾಗಿ ಗೊತ್ತು. ನಾನೂ ಮಂಜನೂ ನಮ್ಮ ಜಗಳವನ್ನು ಹಾಗೆಯೇ ಅಟ್ಟಕ್ಕೆ ಹಾಕಿದೆವು, ಇಳಿಸುವುದನ್ನು ಮಾತ್ರ ಮರೆತೆವು.

ಜಗಳ ಬಂದದ್ದು ಪಾಲಿನ ದಿನ. ಅಪ್ಪ ಹೋದ ಮೇಲೆ ಊರಿನ ಹಿರಿಯರು ನಾಲ್ಕು ಜನ ಬಂದು ತೋಟ, ಹೊಲ, ದನ, ಪಾತ್ರೆ ಎಲ್ಲವನ್ನೂ ನ್ಯಾಯವಾಗಿ ಹಂಚಿದರು. ಅಟ್ಟದ ಮನೆಯನ್ನು ನಡುವೆ ಗೆರೆ ಎಳೆದು ಇಬ್ಬರಿಗೂ ಕೊಟ್ಟರು. ನೋಡಿದರೆ ಕಾರು ಆ ಗೆರೆಯ ಮೇಲೆ ನಿಂತಿದೆ. ಮೂತಿ ನನ್ನ ಬಾಗಿಲ ಕಡೆಗೆ, ಬಾಲ ಅವನ ಬಾಗಿಲ ಕಡೆಗೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವಾಗಿತ್ತು. ಹಿರಿಯರಲ್ಲಿ ಒಬ್ಬರು ಕಾರನ್ನು ಒಂದು ಸುತ್ತು ಬಂದು, ಟೈರಿಗೆ ಕಾಲಿನಿಂದ ತಟ್ಟಿ, ಓಡದೇ ಇರುವುದು ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ತೀರ್ಪು ಕೊಟ್ಟು ಊಟಕ್ಕೆ ಕೂತರು.

ಹಳೆಯ ಧರ್ಮಶಾಸ್ತ್ರಕಾರರು ಇವರಿಗಿಂತ ಜಾಣರು. ಅಣ್ಣತಮ್ಮಂದಿರು ಹಂಚಿಕೊಳ್ಳಬಾರದ ವಸ್ತುಗಳಲ್ಲಿ ಉಟ್ಟ ಬಟ್ಟೆ, ಬೇಯಿಸಿದ ಅನ್ನ, ಬಾವಿಯ ನೀರು ಇವುಗಳ ಜೊತೆಗೆ ವಾಹನವನ್ನೂ ಸೇರಿಸಿದ್ದಾರಂತೆ. ಆಗಿನ ವಾಹನ ಕುದುರೆಯೋ ಬಂಡಿಯೋ ಇದ್ದಿರಬೇಕು. ಕುದುರೆಯನ್ನು ಅರ್ಧ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು ಯಾರದೋ ಮನೆಯಲ್ಲಿ ಕಣ್ಣಾರೆ ಕಂಡೇ ಅವರು ಬರೆದಿರಬೇಕು ಎಂದು ನನ್ನ ಅನುಮಾನ.

ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ‘ನನ್ನದು, ನನ್ನದು’ ಎಂದು ಕಾದಾಡುತ್ತಾರೆ. ನಾವು ‘ನಿನ್ನದು, ನಿನ್ನದು’ ಎಂದು ಕಾದಾಡಿದೆವು. ಮಂಜನಿಗೆ ಮಟ್ಟೆ ರಾಶಿ ಹಾಕಲು ಜಾಗ ಬೇಕಿತ್ತು. ಆ ಗುಜರಿಯನ್ನು ತೆಗೆದುಕೊಂಡು ಹೋಗು ಎಂದ. ನಿನ್ನ ಅರ್ಧವನ್ನು ನೀನು ತೆಗೆದುಕೋ, ನನ್ನದು ನನಗೇನೂ ತೊಂದರೆ ಕೊಡುತ್ತಿಲ್ಲ ಎಂದು ನಾನು ಅಂದೆ. ಮಾರನೆಯ ದಿನ ಅವನು ತೆಂಗಿನ ಗರಿ ಹೆಣೆದು ಅಟ್ಟದ ತೊಲೆಯಿಂದ ಒಂದು ತಡಿಕೆ ಇಳಿಬಿಟ್ಟ. ಎರಡೂ ಪಕ್ಕದಲ್ಲಿ ಅದು ನೆಲ ಮುಟ್ಟುತ್ತಿತ್ತು, ನಡುವೆ ಕಾರಿನ ತಲೆಯ ಮೇಲೆ ಕೂತಿತ್ತು. ಅಂದಿನಿಂದ ನಮ್ಮ ಮಾತು ನಿಂತಿತು. ತೋಟದಲ್ಲಿ ಎದುರಾದರೆ ಇಬ್ಬರೂ ಕತ್ತೆತ್ತಿ ಮರದ ತಲೆ ನೋಡುತ್ತಾ, ಕಾಯಿ ಎಣಿಸುವವರಂತೆ ದಾಟಿ ಹೋಗುತ್ತಿದ್ದೆವು. ಹೇಳಲೇಬೇಕಾದ ಮಾತಿದ್ದರೆ ಅವನು ಹಸುವಿಗೆ ಹೇಳುತ್ತಿದ್ದ, ನಾನು ಹೆಂಡತಿಗೆ ಹೇಳುತ್ತಿದ್ದೆ.

ಕಾರನ್ನು ಮತ್ತೆ ಓಡಿಸಬೇಕೆಂಬ ಹುಚ್ಚು ಹತ್ತಿದ್ದು ನಾನು ನಿವೃತ್ತನಾದ ಮೇಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು. ಎಂಜಿನ್ನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ, ಆದರೆ ಒಂದು ಬೋಲ್ಟನ್ನೂ ಬಿಚ್ಚಿದವನಲ್ಲ. ಹೆಂಡತಿ ಸರೋಜ ಮೊದಲ ದಿನವೇ ಬೇಡ ಎಂದಳು. ಹಾವಿರುತ್ತದೆ, ಚೇಳಿರುತ್ತದೆ, ಸೊಂಟ ಹಿಡಿಯುತ್ತದೆ ಎಂದೆಲ್ಲ ಹೆದರಿಸಿದಳು. ನನ್ನ ಮೇಲೆ ಎಷ್ಟು ಕಾಳಜಿ ಎಂದು ಹಿಗ್ಗಿಕೊಂಡೇ ನಾನು ಕಾರಿನ ಬಾಗಿಲು ತೆಗೆದೆ.

ಹಾವಿರಲಿಲ್ಲ, ಧೂಳು ಕೂಡ ಇರಲಿಲ್ಲ. ಸೀಟು ಒರೆಸಿ ಇಟ್ಟಂತಿತ್ತು. ಬೂದಿ ಉದುರಿಸುವ ಡಬ್ಬಿಯಲ್ಲಿ ಕಡಲೆಕಾಯಿ ಸಿಪ್ಪೆ, ಮುಂದಿನ ಗೂಡಿನಲ್ಲಿ ಎಲೆ ಅಡಿಕೆ, ಕನ್ನಡಿಗೆ ಅಂಟಿಸಿದ ಹಣೆಬೊಟ್ಟು, ಹಿಂದಿನ ಸೀಟಿನಲ್ಲಿ ಅರ್ಧ ಹೆಣೆದ ಉಣ್ಣೆಯ ಸ್ವೆಟರು. ಆಮೇಲೆ ತಿಳಿಯಿತು: ಇಷ್ಟು ವರ್ಷವೂ ಮಧ್ಯಾಹ್ನ ನಾನು ಸ್ಕೂಲಿನಲ್ಲಿರುವಾಗಲೋ, ರಜೆಯ ದಿನ ಊಟವಾಗಿ ಗಂಡಸರು ಅಡ್ಡಾದ ಮೇಲೋ ಸರೋಜ ನಮ್ಮ ಕಡೆಯಿಂದ ಮುಂದಿನ ಸೀಟಿಗೆ, ಮಂಜನ ಹೆಂಡತಿ ಗಂಗಾ ಆ ಕಡೆಯಿಂದ ಹಿಂದಿನ ಸೀಟಿಗೆ ಬಂದು ಕೂರುತ್ತಿದ್ದರು. ತಡಿಕೆ ಕಾರಿನ ಹೊರಗೆ ಮಾತ್ರ ಇತ್ತಲ್ಲ. ಗಂಡಂದಿರ ಜಗಳ ಗಂಡಂದಿರಿಗೆ ಎಂದು ಬಿಟ್ಟು, ವಾರಗಿತ್ತಿಯರು ಗಾಜು ಇಳಿಸಿಕೊಂಡು, ನಿಂತ ಕಾರಿನಲ್ಲಿ ದಿನವೂ ಪ್ರಯಾಣ ಮಾಡುತ್ತಿದ್ದರು. ಸೊಪ್ಪಿನ ಸಾರು, ಒಬ್ಬಟ್ಟು ಎಲ್ಲವೂ ಸೀಟುಗಳ ಸಂದಿಯಲ್ಲೇ ಆ ಮನೆಯಿಂದ ಈ ಮನೆಗೆ ಬಂದಿವೆ. ಗಂಗಾಳ ಕೈಯಡುಗೆಯನ್ನು ಸರೋಜಳದೆಂದು ನಾನು ಅದೆಷ್ಟು ಸಲ ಹೊಗಳಿದ್ದೇನೋ.

ನಾನು ನಗುತ್ತಾ ಇದನ್ನು ಹೇಳಿದಾಗ ಸರೋಜ ನಗಲಿಲ್ಲ.

“ನೀವು ಓಡಿಸ್ಕಂಡು ಹೋದ್ರೆ ನಾವು ಎಲ್ಲಿ ಕೂರಾದು?” ಎಂದಳು. “ನೀವಿಬ್ರೂ ಮಾತಾಡಾಕಿಲ್ಲ. ನಾನು ಅವ್ಳ ಮನೇಗೆ ಹೋದ್ರೆ ನಿಮ್ಮ ಮುಖ ಊದ್ತದೆ, ಅವ್ಳು ಇಲ್ಲಿಗೆ ಬಂದ್ರೆ ಅವ್ನ ಮುಖ ಊದ್ತದೆ. ನಮಗೆ ಇರಾದೇ ಇದೊಂದು ಜಾಗ ಕಣ್ರೀ.”

ಆ ಮಾತು ನನಗೆ ನಾಟಿತು. ಆದರೆ ಸ್ಪ್ಯಾನರ್ ಕೈಗೆ ಬಂದ ಮೇಲೆ ಮನುಷ್ಯನ ಬುದ್ಧಿ ನೆಟ್ಟಗೆ ಇರುವುದಿಲ್ಲ. ಕೆಲಸ ಶುರು ಮಾಡಿಯೇಬಿಟ್ಟೆ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಹಾಕಬೇಕು ಎಂದು ಕೇಳಿದ್ದೆ. ಮನೆಯಲ್ಲಿ ಎಣ್ಣೆಗೇನು ಬರ, ನಮ್ಮದೇ ಕೊಬ್ಬರಿ, ನಮ್ಮದೇ ಎಣ್ಣೆ. ಧಾರಾಳವಾಗಿ ಎಂಜಿನ್ನಿಗೆಲ್ಲ ಸವರಿದೆ. ಬೆಳಿಗ್ಗೆ ನೋಡಿದರೆ ಇರುವೆಗಳು ಸಾಲುಗಟ್ಟಿವೆ. ಅಟ್ಟದ ಇಲಿಗಳು ಇಳಿದು ಬಂದು ಎಣ್ಣೆಯ ಜೊತೆಗೆ ವೈರನ್ನೂ ತಿಂದು ಹೋಗಿವೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತಾಗ ತಡಿಕೆಯ ಆಚೆ ಮಂಜ, ಓದಿದೋರು ಕಾರಿಗೂ ಒಗ್ಗರಣೆ ಹಾಕ್ತಾರೆ ಎಂದು ಹಸುವಿಗೆ ಹೇಳುತ್ತಿದ್ದ.

ಅವನಿಗೂ ಸುಮ್ಮನಿರಲು ಆಗಲಿಲ್ಲ. ನನ್ನ ಕಡೆ ಸುತ್ತಿಗೆ ಸದ್ದು ಎದ್ದ ಕೆಲವೇ ದಿನಕ್ಕೆ ಅವನ ಕಡೆಯೂ ಎದ್ದಿತು. ನಾನು ಬಾನೆಟ್ಟಿನ ತುಕ್ಕು ಉಜ್ಜಿದರೆ ಅವನು ಡಿಕ್ಕಿಯದು ಉಜ್ಜಿದ. ನಾನು ತಿಪಟೂರಿನಿಂದ ಸ್ಪಂಜು ತಂದು ಮುಂದಿನ ಸೀಟಿಗೆ ಹಾಕಿಸಿದೆ. ಅವನು ತನ್ನ ತೋಟದ ನಾರನ್ನೇ ತುಂಬಿಸಿ ಹಿಂದಿನ ಸೀಟು ಹೊಲಿಸಿದ. ಬಣ್ಣದ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಅಪ್ಪನ ಕಾರು ಆಕಾಶದ ನೀಲಿ ಎಂದು ನನ್ನ ನೆನಪು, ಗಾಢ ನೀಲಿ ಎಂದು ಅವನ ನೆನಪು. ಇಬ್ಬರೂ ಅವರವರ ನೆನಪಿನಂತೆ ಬಳಿಸಿದೆವು. ಕಾರಿನ ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬದ ಬಳಿ ಎರಡು ನೀಲಿಗಳೂ ಸಂಧಿಸುತ್ತವೆ. ನೋಡಿದವರು ಈಚಿನ ಫ್ಯಾಷನ್ ಇರಬೇಕು ಎಂದುಕೊಳ್ಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ.

ತಿಪಟೂರಿನ ಮೆಕ್ಯಾನಿಕ್ ಒಬ್ಬ ಆಗಾಗ ಬಂದು ವೈರು, ಕಾರ್ಬುರೇಟರು, ಕ್ಲಚ್ಚು ನೋಡಿಕೊಟ್ಟ. ಬಾಟಲಿಯಿಂದ ಪೆಟ್ರೋಲು ಹನಿಸಿ ಎಂಜಿನ್ನನ್ನು ಎಬ್ಬಿಸಿದಾಗ ನಾನು ಚಪ್ಪಾಳೆ ತಟ್ಟಿದೆ. ಟ್ಯಾಂಕು ತೊಳೆದು ಇಟ್ಟಿದೆ, ಮುಂದಿನವರು ತಯಾರಾದರೆ ಪೈಪು ಸೇರಿಸಬಹುದು ಎಂದು ಆ ಕಡೆಯಿಂದ ಹೆಂಗಸರ ಮೂಲಕ ಸುದ್ದಿ ಬಂತು. ಮೆಕ್ಯಾನಿಕ್ ಅದನ್ನೂ ಸೇರಿಸಿದ. ಉಳಿದದ್ದು ಬ್ರೇಕು. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದೆ, ಅದನ್ನು ಹೊರಗೆ ತೆಗೆಯದಿದ್ದರೆ ಕಾರು ನಿಲ್ಲುವುದಿಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ವಾಪಸು ಹೋಗುತ್ತದೆ ಎಂದು ತೋರಿಸಿಕೊಟ್ಟು, ಮನೆಯವರೇ ಇಬ್ಬರು ಮಾಡಿಕೊಳ್ಳಿ ಎಂದು ಹೇಳಿ ಹೋದ. ಪೆಡಲ್ ನನ್ನ ಪಾಲಿನದು, ಹಿಂದಿನ ಚಕ್ರ ಮಂಜನ ಪಾಲಿನದು.

ಸರೋಜ ನನ್ನ ಪಕ್ಕ ಕೂತಳು, ಗಂಗಾ ಹಿಂದೆ ಕೂತಳು. ಮಂಜ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು ಒತ್ತಲು ಹೇಳು ಎಂದು ಗಂಗಾಳಿಗೆ ಹೇಳುತ್ತಿದ್ದ. ಭಾವನವರು ಒತ್ತಬೇಕಂತೆ ಅಕ್ಕ ಎಂದು ಅವಳು ಸರೋಜಳಿಗೆ ಹೇಳುತ್ತಿದ್ದಳು. ಒತ್ತಬೇಕಂತೆ ಎಂದು ಸರೋಜ ನನಗೆ ಹೇಳುತ್ತಿದ್ದಳು. ಒತ್ತುವುದೇನೋ ನಡೆಯುತ್ತಿತ್ತು. ಆದರೆ ‘ಹಿಡಿದುಕೊಂಡಿರಲಿ’ ಎಂಬ ಮಾತು ಇಷ್ಟು ಬಾಯಿ ದಾಟಿ, ಮರ್ಯಾದೆ ಸೇರಿಸಿಕೊಂಡು ನನ್ನ ಕಿವಿಗೆ ಮುಟ್ಟುವ ಹೊತ್ತಿಗೆ ನಾನು ಕಾಲು ತೆಗೆದಾಗಿರುತ್ತಿತ್ತು. ಗಾಳಿ ಸೊರ್ ಎಂದು ಒಳಗೆ ಹೋಗುತ್ತಿತ್ತು. ಬ್ರೇಕ್ ಎಣ್ಣೆಯ ಡಬ್ಬಿ ಖಾಲಿಯಾಗುತ್ತಾ ಬಂತು, ಪೆಡಲ್ ಮಾತ್ರ ಮೆತ್ತಗೇ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಸರೋಜ ಈ ಬಾಗಿಲಿನಿಂದ ಇಳಿದಳು. ತನ್ನ ಒಲೆಯ ಮೇಲೂ ಇದೆ ಎಂದು ಗಂಗಾ ಆ ಬಾಗಿಲಿನಿಂದ ಇಳಿದಳು.

ಕಾರಿನಲ್ಲಿ ನಾನೊಬ್ಬನೇ ಉಳಿದೆ. ಹಿಂದೆ ಎಲ್ಲೋ ಕೆಳಗೆ ಅವನ ಉಸಿರು ಕೇಳುತ್ತಿತ್ತು. ಎದ್ದು ಹೋಗೋಣ ಎನ್ನಿಸಿತು; ಹೋದರೆ ಈ ಕಾರು ಮತ್ತೆ ಹೊರಗೆ ಬರುವುದಿಲ್ಲ, ನಾವೂ ಬರುವುದಿಲ್ಲ ಎಂದೂ ಅನ್ನಿಸಿತು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂತೆ.

“ಅಣ್ಣ, ಒತ್ತು” ಎಂದ.

ಒತ್ತಿದೆ.

“ಹಿಡ್ಕಂಡಿರು. ಬುಡಬ್ಯಾಡ.”

“ಹಿಡ್ಕಂಡಿದೀನಿ ಕಣ್ಲಾ.”

“ಈಗ ಬುಡು.”

ಅವನು ಮತ್ತೆ ಒತ್ತು ಎಂದ, ನಾನು ಒತ್ತಿದೆ. ಗುಳ್ಳೆ ನಿಂತು ಬರೀ ಎಣ್ಣೆ ಬಂದ ಮೇಲೂ ಇನ್ನೊಂದೆರಡು ಸಲ ಒತ್ತಿಸಿದ. ನಾನೂ ಒತ್ತಿದೆ. ಆಮೇಲೆ ತಡಿಕೆ ಸರಿಸಿಕೊಂಡು ಮುಂದಿನ ಚಕ್ರಕ್ಕೂ ಅವನೇ ಬಂದ.

ಕಾರು ನನ್ನ ಬಾಗಿಲಿನಿಂದ ಹೊರಟಾಗ ತಡಿಕೆ ಒಂದಿಷ್ಟು ದೂರ ಅದರ ತಲೆಗೆ ಸಿಕ್ಕಿಕೊಂಡು ಬಂದು ಅಂಗಳದಲ್ಲಿ ಬಿತ್ತು. ತುರುವೇಕೆರೆಯವರೆಗೆ ನಾಲ್ವರೂ ಹೋಗಿ ಬಂದೆವು. ಹೋಗುವಾಗ ನಾನು ಓಡಿಸಿದೆ, ಅವನು ಗೇರಿನ ಬಗ್ಗೆ ತಕರಾರು ತೆಗೆದ. ಬರುವಾಗ ಅವನು ಓಡಿಸಿದ, ನಾನು ತೆಗೆದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಒಂದು ಮಾತಾಡಲೂ ಸಂದು ಸಿಗಲಿಲ್ಲವಂತೆ. ಇಳಿದ ಕೂಡಲೆ ಹೆಂಗಸರಿಬ್ಬರೂ ಸೇರಿ ಕಾರನ್ನು ಎಲ್ಲಿಂದ ತೆಗೆದಿರೋ ಅಲ್ಲೇ ನಿಲ್ಲಿಸಬೇಕು ಎಂದರು. ಈಗ ಮನೆಗಳ ನಡುವೆ ಯಾರೂ ಯಾರನ್ನೂ ತಡೆಯುವುದಿಲ್ಲ, ಜಗುಲಿಯ ಮೇಲೆ ಕೂರಬಹುದಲ್ಲ ಎಂದು ನಾನು ವಾದಿಸಿದೆ. ಜಗುಲಿಯ ಮೇಲೆ ನೀವಿರುತ್ತೀರಲ್ಲ ಎಂದು ಉತ್ತರ ಬಂತು.

ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಕಾರು ಹೆಂಗಸರದು. ಆ ಹೊತ್ತಿನಲ್ಲಿ ನಮಗೆ ತಿಪಟೂರಿನಲ್ಲಿ ಕೆಲಸ ಬಿದ್ದರೆ, ಓಡುವ ಕಾರನ್ನು ಮನೆಯಲ್ಲಿ ಬಿಟ್ಟು ನಾನೂ ಮಂಜನೂ ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕುತ್ತೇವೆ. ಅಷ್ಟು ಕಷ್ಟಪಟ್ಟು ರಿಪೇರಿ ಮಾಡಿದ್ದು ಯಾಕೆ ಎಂದು ಕಂಡಕ್ಟರು ಒಮ್ಮೆ ಕೇಳಿದ. ಮಂಜ ಉತ್ತರ ಹೇಳಲು ಬಾಯಿ ತೆಗೆದ, ನಾನು ನಡುವೆ ಬಾಯಿ ಹಾಕಿದೆ, ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಇಳಿಯಬೇಕಾದ ಜಾಗ ದಾಟಿ ಹೋಗಿ, ಬಿಸಿಲಿನಲ್ಲಿ ಅಷ್ಟು ದೂರ ವಾಪಸು ನಡೆದು ಬಂದೆವು. ನಡೆದು ಮುಗಿದರೂ ಮಾತು ಮುಗಿದಿರಲಿಲ್ಲ.