ಮಾವನಿಗೆ ಓದಿ ಹೇಳಿದ ಕೆನಡಾ

ಕೆನಡಾವನ್ನು ನಾನು ನೋಡಿಲ್ಲ. ಆದರೂ ಅಲ್ಲಿಯ ದೊಡ್ಡ ನದಿಯೊಂದು ಪುತ್ತೂರಿನ ಹತ್ತಿರದ ಸವಣೂರಿನ ನಮ್ಮ ತಾಯಿಮನೆಯ ಜಗಲಿಯ ಕೆಳಗೆ ಎರಡು ಮೂರು ತಿಂಗಳು ಹರಿದದ್ದು ನಿಜ. ಭಾನುವಾರ ಮಧ್ಯಾಹ್ನದ ಊಟ ಮುಗಿದು ಮನೆಯವರೆಲ್ಲ ಒರಗಿದ ಮೇಲೆ ನಾನು ಓದುತ್ತಿದ್ದೆ, ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರಿಗೆ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಳೆದರೆ ನನ್ನದೂ ನನಗೆ ತಿಳಿಯುತ್ತಿರಲಿಲ್ಲ.

ಪುತ್ತೂರಿನ ಕಾಲೇಜೊಂದರಲ್ಲಿ ನಾನು ಚರಿತ್ರೆ ಕಲಿಸುವವಳು. ಕೆನಡಾದ ಜನರ ರಾಜಕೀಯ, ಸಾಮಾಜಿಕ ಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಪ್ರಕಾಶಕರೊಬ್ಬರು ಕೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದೆ. ಮಾವ, ಅಂದರೆ ನನ್ನ ಅಮ್ಮನ ಅಣ್ಣ, ಒಂದು ಕಾಲದಲ್ಲಿ ಅಂಗಡಿಯಿಂದ ಪೊಟ್ಟಣ ಕಟ್ಟಿ ಬಂದ ಪೇಪರನ್ನೂ ಬಿಡಿಸಿ ಓದುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದ ಮೇಲೆ ಯಾರಾದರೂ ಓದಿ ಹೇಳಬೇಕು. ಬರೆದದ್ದನ್ನು ಅವರ ಕಿವಿಗೆ ಹಾಕಿ ನೋಡುವುದು ನನಗೂ ಬೇಕಿತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನನಗೆ ಊಟಕ್ಕೆ, ಮಲಗುವುದಕ್ಕೆ, ನಗುವುದಕ್ಕೆ ಅಡ್ಡಿಯಿರಲಿಲ್ಲ. ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ಸೇವೆ ಸಲ್ಲಿಸುವ ತಂಬಿಲದ ದಿನ ಮಾತ್ರ ನಾನು ದೈವದ ಮಂಚವಿರುವ ಚಾವಡಿ ಹತ್ತುವ ಹಾಗಿರಲಿಲ್ಲ. ಬೇರೆ ಜಾತಿಯವರನ್ನು ಮದುವೆಯಾದವಳು ನಾನು. ಮನೆಯ ಯಜಮಾನರಾದ ಮಾವನೇ ಹಾಕಿದ ಕಟ್ಟು ಅದು, ನನ್ನ ಮಗಳಿಗೂ ಸೇರಿಸಿ. ಹತ್ತು ವರ್ಷದ ಅವಳು "ನಾವು ಯಾಕಮ್ಮ ಅಂಗಳದಲ್ಲೇ ನಿಲ್ಲುದು?" ಎಂದು ಕೇಳಲು ಶುರುಮಾಡಿದ್ದಳು. ನನಗೆ ನಿಂತು ರೂಢಿಯಾಗಿತ್ತು. ಅವಳಿಗೂ ಆ ರೂಢಿ ಬರುವುದು ನನಗೆ ಬೇಡವಾಗಿತ್ತು.

ಹಿಮ ಬೀಳುವ ಪುಟಗಳು ಮಾವನಿಗೆ ಹಿಡಿಸಲಿಲ್ಲ. ಫ್ರೆಂಚರೂ ಇಂಗ್ಲಿಷರೂ ಒಂದೇ ದೇಶದಲ್ಲಿ ಎರಡು ಭಾಷೆ ಇಟ್ಟುಕೊಂಡು ಜಗಳವಾಡಿದ ಕತೆ ಓದಿದರೆ, "ಅದರಲ್ಲೆಂತ ವಿಶೇಷ? ಜಾಲ್ಸೂರಿನ ಬಸ್ಸಲ್ಲಿ ನಾಲ್ಕು ಭಾಷೆಯಲ್ಲಿ ಜಗಳ ಆಗ್ತದೆ" ಎಂದರು. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಆದರೆ ಆ ನದಿಯ ದಡದ ಮೂಲ ಜನರ ಉದ್ದಮನೆಗಳ ವಿಷಯ ಬಂದಾಗ ಮಾವ ನೆಟ್ಟಗೆ ಕೂತರು. ಒಂದೊಂದು ಮನೆಯಲ್ಲಿ ಒಬ್ಬ ತಾಯಿಯ ಸಂತಾನ. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬರಬೇಕು. ಮಕ್ಕಳು ತಾಯಿಯ ಕುಲಕ್ಕೆ: ಕರಡಿಯ ಕುಲ, ತೋಳದ ಕುಲ, ಆಮೆಯ ಕುಲ. ಮುಖಂಡನನ್ನು ಆರಿಸುವವರೂ ಇಳಿಸುವವರೂ ಹಿರಿಯ ಹೆಂಗಸರು.

"ಅದು ನಮ್ಮ ಬರಿಯೇ ಅಲ್ವಾ!" ಎಂದರು ಮಾವ. ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ, ಮದುವೆಯ ಮಾತೆತ್ತಿದರೆ ಮೊದಲು ಕೇಳುವುದು ಅದನ್ನೇ. "ಆಮೆಯವರಿಗೂ ಆಮೆಯವರಿಗೂ ಸಂಬಂಧ ಆಗ್ತದಾ?"

"ಇಲ್ಲ ಮಾವ, ಒಂದೇ ಕುಲದವರು ಅಣ್ಣತಂಗಿಯರ ಹಾಗೆ."

"ಮತ್ತೆ? ಅವರು ನಮ್ಮವರೇ ಮಾರಾಯ್ತಿ!"

ಆಮೇಲೆ ಅವರಿಗೆ ಮಂಪರು ಬಂತು. ಕರಡಿ ಕುಲದ ಅಜ್ಜಿಯೊಬ್ಬರು ನಮ್ಮ ಚಾವಡಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದಾರೆಂದು ಅರೆನಿದ್ದೆಯಲ್ಲೇ ಹೇಳಿದರು. ನಾನೂ ಏನನ್ನೋ ಕಂಡೆ. ಕುಮಾರಧಾರೆಯಲ್ಲಿ ಮಂಜುಗಡ್ಡೆ ತೇಲಿ ಬರುತ್ತಿತ್ತು. ಅದರ ಮೇಲೆ ನಮ್ಮ ಹಾಗೆಯೇ ಸೆರಗು ಸಿಕ್ಕಿಸಿಕೊಂಡ ಹೆಂಗಸರು ನಿಂತು, ದಡಕ್ಕೆ ಇಳಿಯಲು ಬಿಡಿ ಎಂದು ಕೈಬೀಸುತ್ತಿದ್ದರು. ಎಚ್ಚರವಾದಾಗ ತೊಡೆಯ ಮೇಲಿನ ಹಾಳೆಗಳೆಲ್ಲ ನೆಲದಲ್ಲಿ ಹರಡಿದ್ದವು.

ಮುಂದಿನ ಭಾನುವಾರ ಓದಿದ್ದು ಸರಕಾರದ ಅಧ್ಯಾಯ. ಮೂಲ ಜನರ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಇನ್ನು ಅವಳು ಆ ಜನಕ್ಕೆ ಸೇರಿದವಳಲ್ಲ ಎಂದು ಕಾನೂನು ಬಂತು. ಹುಟ್ಟಿದ ಊರಲ್ಲಿ ಅವಳಿಗೆ ಹಕ್ಕಿಲ್ಲ, ಮಕ್ಕಳಿಗೂ ಇಲ್ಲ. ಗಂಡಸು ಹೊರಗಿನವಳನ್ನು ತಂದರೆ ಅವಳು ಮಾತ್ರ ಒಳಗಿನವಳಾಗುತ್ತಿದ್ದಳು. ನೂರು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು.

ಮಾವನಿಗೆ ಸಿಟ್ಟು ನೆತ್ತಿಗೇರಿತು. "ಎಂತ ಕಾನೂನು ಅದು? ತಾಯಿಯಿಂದ ಬಂದ ಕುಲವನ್ನು ತಾಯಿಯಿಂದಲೇ ಕಿತ್ತುಕೊಳ್ಳುದಾ? ಹೆಣ್ಣುಮಕ್ಕಳನ್ನು ಹೊರಗೆ ಹಾಕಿದ್ರೆ ಮನೆಯಲ್ಲಿ ಉಳಿಯುದು ಎಂತ, ಕಂಬವಾ?"

ಆಗಲೇ ಅವರ ಸೊಸೆ, ಮಗನ ಹೆಂಡತಿ, ಚಹಾ ತಂದಿಟ್ಟಳು. ಹುಬ್ಬಳ್ಳಿ ಕಡೆಯವಳು, ಬೇರೆ ಜಾತಿ, ಚಿನ್ನದಂಥ ಹುಡುಗಿ. ಪ್ರತಿ ತಂಬಿಲಕ್ಕೆ ಚಾವಡಿಯಲ್ಲಿ ದೀಪ ಹಚ್ಚುವವಳು ಅವಳೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಚಹಾದ ಜತೆ ನುಂಗಿದೆ. ಸೊಸೆ ಒಳಗೆ ಹೋದ ಮೇಲೂ ಮಾವನ ಲೋಟ ಬಾಯಿಯವರೆಗೆ ಹೋಗಲಿಲ್ಲ.

"ಆ ಹೆಂಗಸರು ಮತ್ತೆ ಎಂತ ಮಾಡಿದ್ರು?" ಲೋಟ ಕೆಳಗಿಟ್ಟು ಕೇಳಿದರು.

"ಕೋರ್ಟಿಗೆ ಹೋದ್ರು, ಸೋತ್ರು. ಪುನಃ ಹೋರಾಡಿದ್ರು. ಕಡೆಗೆ ಕಾನೂನು ಬದಲಾಯ್ತು."

"ಅಷ್ಟರೊಳಗೆ ಸತ್ತವರು?"

"ಅವರಿಗೆ ಎಂತ ಉಂಟು ಮಾವ? ಹೊರಗೇ ಸತ್ರು."

ಆ ದಿನ ಮುಂದೆ ಓದುವುದು ಬೇಡ ಎಂದರು.

ತಂಬಿಲದ ಬೆಳಿಗ್ಗೆ ನಾನೂ ಮಗಳೂ ಅಂಗಳದಲ್ಲಿ ನಿಂತಿದ್ದೆವು. ಧೂಪದ ಹೊಗೆಯಲ್ಲಿ ಒಳಗಿದ್ದವರು ಅರ್ಧರ್ಧವೇ ಕಾಣುತ್ತಿದ್ದರು. ಹೊಗೆಯೊಳಗಿಂದ ಮಾವನ ದನಿ ಬಂತು. "ಮೇಲೆ ಬಾ. ಮಗಳನ್ನೂ ಕರ್ಕೊಂಡು ಬಾ."

ನೆಂಟರು ಮುಖ ಮುಖ ನೋಡಿಕೊಂಡರು. ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ, ಹತ್ತಿ ನಿಂತಿದ್ದೆ. ಕಟ್ಟು ಮೀರಿದವರು ದೈವದ ಮುಂದೆ ತಪ್ಪುಕಾಣಿಕೆಯ ನಾಣ್ಯ ಹಾಕಿ ಮತ್ತೆ ಒಳಗೆ ಸೇರುವುದು ನಮ್ಮಲ್ಲಿ ಕ್ರಮ. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನು ತಂದಿರಲಿಲ್ಲ, ತಂದಿದ್ದರೂ ಹಾಕುತ್ತಿರಲಿಲ್ಲ. ಮಾವ ಸೊಂಟದ ಗಂಟಿನಿಂದ ನಾಣ್ಯವೊಂದನ್ನು ತೆಗೆದು, ತಡವರಿಸಿ ಹರಿವಾಣ ಹುಡುಕಿ, ತಾವೇ ಹಾಕಿದರು.

"ಅಜ್ಜ ಎಂತ ತಪ್ಪು ಮಾಡಿದ್ದು?" ಮಗಳು ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟಳು.

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಮಾವ ಅವಳ ದನಿ ಬಂದ ಕಡೆಗೆ ತಿರುಗಿದರು.

"ನಿನ್ನ ಅಮ್ಮನನ್ನು ಹೊರಗೆ ನಿಲ್ಲಿಸಿದ್ದೆ ಮಗಾ" ಎಂದರು.